ಕೆಂಪು ಬಾಲದ ವಿಮಾನಗಳು

ಅಷ್ಟೇನೂ ಚೆನ್ನಾಗಿಲ್ಲದ ಸಿನಿಮಾವೊಂದನ್ನು ನಾನು ಮೂರು ಸಲ ನೋಡಿದ್ದೇನೆ ಎಂದರೆ ನನ್ನ ಸ್ನೇಹಿತರು ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣವೂ ಉಂಟು. ಮದುವೆಯ ಊಟಕ್ಕೆ ಹೋಗಿ, ಬಡಿಸಿದ್ದನ್ನೆಲ್ಲ ಉಂಡು, ಸಾರಿಗೆ ಉಪ್ಪು ಸಾಲದೆಂದು ಹೇಳಿಯೇ ಎಲೆಯ ಮುಂದಿನಿಂದ ಏಳುವ ಬಂಧುಗಳಿಲ್ಲವೆ? ಸಿನಿಮಾಗಳ ವಿಷಯದಲ್ಲಿ ನಾನು ಆ ಜಾತಿಗೆ ಸೇರಿದವನು. ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ಲಾಜಾ ಚಿತ್ರಮಂದಿರವಿದ್ದ ಕಾಲದಲ್ಲಿ ಬೆಳಗಿನ ಆಟಕ್ಕೆ ಹೋಗಿ ಕೂತು, ಹಾಲಿವುಡ್ಡಿನ ಯುದ್ಧಚಿತ್ರಗಳಲ್ಲಿ ಒಂದೇ ಬಂದೂಕಿನಿಂದ ಎಷ್ಟು ಗುಂಡು ಹಾರಿತೆಂದು ಬೆರಳು ಮಡಿಸಿ ಎಣಿಸುತ್ತಿದ್ದವನು ನಾನು. ಮದುವೆಯಾದ ಮೇಲೆ ಈ ಎಣಿಕೆಯನ್ನು ಗಟ್ಟಿಯಾಗಿ ಮಾಡತೊಡಗಿದೆ. “ನಿಮ್ಮ ಜೊತೆ ಸಿನಿಮಾಕ್ಕೆ ಬರುವುದಕ್ಕಿಂತ ಪರೀಕ್ಷೆಗೆ ಕೂತುಕೊಳ್ಳುವುದು ವಾಸಿ” ಎಂದು ನನ್ನ ಹೆಂಡತಿ ಆಗಲೇ ತೀರ್ಪು ಕೊಟ್ಟಳು. ಆ ತೀರ್ಪಿನ ಮೇಲೆ ಅಪೀಲು ಇಂದಿಗೂ ಆಗಿಲ್ಲ.

ಇಂಥ ನನ್ನನ್ನು ಈ ಚಿತ್ರದ ಮುಂದೆ ಕೂರಿಸಿದವನು ನನ್ನ ಮೊಮ್ಮಗ. ಬೇಸಿಗೆಯ ರಜ. ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಬಿಡುವಂತಿಲ್ಲ. ಒಳಗೆ ಇಟ್ಟುಕೊಳ್ಳುವಂತೆಯೂ ಇಲ್ಲ. “ತಾತ, ವಿಮಾನದ ಸಿನಿಮಾ ಹಾಕ್ತೀನಿ, ನೀವು ಸುಮ್ಮನೆ ನೋಡಬೇಕು” ಎಂದ. ಸುಮ್ಮನೆ ಎಂಬ ಮಾತನ್ನು ಒತ್ತಿ ಹೇಳಿದ್ದನ್ನು ಕೇಳಿ, ಇವನ ಹಿಂದೆ ಅಜ್ಜಿಯ ಕೈವಾಡವಿದೆಯೆಂದು ಊಹಿಸಿದೆ. ಚಿತ್ರದ ಹೆಸರು ‘ರೆಡ್ ಟೈಲ್ಸ್’, ಎಂದರೆ ಕೆಂಪು ಬಾಲಗಳು. 2012ರಲ್ಲಿ ತೆರೆಗೆ ಬಂದದ್ದು. ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲ್ಯೂಕಸ್ ಇದರ ನಿರ್ಮಾಪಕ. ಆಂಥನಿ ಹೆಮಿಂಗ್ವೇ ಎಂಬಾತ ನಿರ್ದೇಶಕ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಕಾಶದಲ್ಲಿ ಕಾದಾಡಿದ ಅಮೆರಿಕದ ಕಪ್ಪು ವೈಮಾನಿಕರ ಕಥೆ.

ಮೊದಲು ತಪ್ಪುಗಳನ್ನು ಹೇಳಿಬಿಡುತ್ತೇನೆ. ಅವು ಹೊಟ್ಟೆಯಲ್ಲಿದ್ದರೆ ಮುಂದಿನ ಮಾತು ನೆಟ್ಟಗೆ ಬರುವುದಿಲ್ಲ. ಈ ಚಿತ್ರದಲ್ಲಿ ಯಾರೂ ಮಾತನಾಡುವುದಿಲ್ಲ, ಎಲ್ಲರೂ ಘೋಷಣೆ ಮಾಡುತ್ತಾರೆ. ಮೇಜರ್ ಒಬ್ಬರು ಬಾಯಲ್ಲಿ ಚುಂಗಾಣಿ ಇಲ್ಲದೆ ಕಾಣಿಸಿಕೊಳ್ಳುವುದೇ ಅಪರೂಪ. ಯುದ್ಧಕ್ಕಿಂತ ಹೊಗೆಸೊಪ್ಪಿನ ಚಿಂತೆ ಅವರಿಗೆ ಹೆಚ್ಚೇನೋ ಎನಿಸುತ್ತದೆ. ಮುಖದ ಮೇಲೆ ಗಾಯದ ಗುರುತಿರುವ ಜರ್ಮನ್ ವೈಮಾನಿಕನೊಬ್ಬ ನಮ್ಮ ಹಳೆಯ ಕಂಪನಿ ನಾಟಕಗಳ ಖಳನಂತೆ ಹಲ್ಲು ಕಡಿಯುತ್ತಾನೆ. ನಾಯಕರಲ್ಲೊಬ್ಬ ಹಾರುತ್ತಿರುವ ವಿಮಾನದಿಂದ ಕೆಳಗೆ ನೋಡಿ, ಮನೆಯ ಬಳಿ ನಿಂತ ಇಟಲಿಯ ಹುಡುಗಿಯನ್ನು ಕಂಡು ಮೋಹಗೊಳ್ಳುತ್ತಾನೆ. ಅವನ ಭಾಷೆ ಇವಳಿಗೆ ಬಾರದು, ಇವಳ ಭಾಷೆ ಅವನಿಗೆ ಬಾರದು. ಆದರೂ ಸ್ವಲ್ಪ ದಿನದಲ್ಲೇ ಮದುವೆಯ ಮಾತು. ಅಷ್ಟಾದ ಮೇಲೆ ಅವನು ಬದುಕಿ ಉಳಿಯುವುದಿಲ್ಲವೆಂದು ಮಗುವಿಗೂ ಗೊತ್ತಾಗುತ್ತದೆ. ಮೊಮ್ಮಗನೇ ಹೇಳಿದ: “ತಾತ, ಇವನು ಸಾಯ್ತಾನೆ ಅಲ್ವಾ?” ಸತ್ತ.

ಇದೆಲ್ಲ ಇದ್ದರೂ ನಾನು ಏಳಲಿಲ್ಲ. ಗುಂಡು ಎಣಿಸಲೂ ಇಲ್ಲ. ಆಕಾಶದ ಕಾಳಗಗಳು ಬಂದಾಗ, ನಿಜ ಹೇಳುತ್ತೇನೆ, ಹುಡುಗನಾಗಿಬಿಟ್ಟೆ. ಬೆಳ್ಳಿಯ ಬಣ್ಣದ ಮಸ್ಟಾಂಗ್ ವಿಮಾನಗಳು ಕೆಂಪು ಬಾಲಗಳನ್ನು ಹೊಳೆಯಿಸುತ್ತ ದೊಡ್ಡ ಬಾಂಬರುಗಳ ಅಕ್ಕಪಕ್ಕ ಕಾವಲು ಬಂದು ನಿಲ್ಲುವ ದೃಶ್ಯವೊಂದಿದೆ. ಅಲ್ಲಿಯವರೆಗೆ ಈ ಕಪ್ಪು ಹುಡುಗರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಬಿಳಿಯರು ಕಿಟಕಿಯಿಂದ ಬೆರಗಾಗಿ ನೋಡುತ್ತಾರೆ. ಅದೂ ಅಗ್ಗದ ಉಪಾಯವೇ. ಆದರೆ ಆ ಹೊತ್ತಿಗೆ ನನ್ನ ಗಂಟಲು ಕಟ್ಟಿತ್ತು. ಪಕ್ಕದಲ್ಲಿ ಮೊಮ್ಮಗ ಚಪ್ಪಾಳೆ ತಟ್ಟುತ್ತಿದ್ದ. ಒಳಗಿನಿಂದ ಬಂದ ನನ್ನ ಹೆಂಡತಿ, “ಏನೂಂದ್ರೆ, ಇನ್ನೂ ತಪ್ಪು ಹಿಡಿಯೋಕೆ ಶುರು ಮಾಡಿಲ್ಲವಲ್ಲ, ಮೈ ಹುಷಾರಿದೆ ತಾನೆ?” ಎಂದು ಹಣೆ ಮುಟ್ಟಿ ನೋಡಿದಳು.

ಒಂದು ಚಿತ್ರ ನಮ್ಮನ್ನು ಹೀಗೆ ಕಟ್ಟಿಹಾಕಿದರೆ, ಅದರಲ್ಲಿ ನಿಜವೆಷ್ಟು, ಬಣ್ಣವೆಷ್ಟು ಎಂದು ತಿಳಿಯುವ ಆಸೆ ಸಹಜ. ಮುಂದಿನ ಕೆಲವು ವಾರ ಆ ವೈಮಾನಿಕರ ಚರಿತ್ರೆಯನ್ನು ಓದುತ್ತ ಕಳೆದೆ. ಓದಿದ ಮೇಲೆ ಅನಿಸಿದ್ದು: ಚಿತ್ರ ಉತ್ಪ್ರೇಕ್ಷೆ ಮಾಡಿದ ಕಡೆಗಳಿಗಿಂತ ಹೇಳದೆ ಬಿಟ್ಟ ಕಡೆಗಳೇ ದೊಡ್ಡವು.

1925ರಲ್ಲಿ ಅಮೆರಿಕದ ಸೈನ್ಯದ ಯುದ್ಧ ಕಾಲೇಜು ಒಂದು ವರದಿಯನ್ನು ಸಿದ್ಧಪಡಿಸಿತು. ಕಪ್ಪು ಮನುಷ್ಯನಿಗೆ ಬುದ್ಧಿ ಕಡಿಮೆ, ಧೈರ್ಯ ಕಡಿಮೆ, ಕಠಿಣವಾದ ಹೊಣೆಯನ್ನು ಅವನು ಹೊರಲಾರ ಎಂಬುದು ಅದರ ಸಾರಾಂಶ. ಈ ವರದಿಯ ಮಾತುಗಳಿಂದಲೇ ಚಿತ್ರ ಆರಂಭವಾಗುತ್ತದೆ. ಇಂಥ ನಂಬಿಕೆಯಿದ್ದ ಸೈನ್ಯ ಅವರ ಕೈಗೆ ವಿಮಾನ ಕೊಟ್ಟೀತೆ? ಕಪ್ಪು ಜನರ ಪತ್ರಿಕೆಗಳೂ ಸಂಘಗಳೂ ಎಡೆಬಿಡದೆ ಒತ್ತಾಯಿಸಿದ ಮೇಲೆ, 1941ರಲ್ಲಿ, ಕಪ್ಪು ವೈಮಾನಿಕರದೇ ಒಂದು ಪ್ರತ್ಯೇಕ ದಳವನ್ನು ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ ತರಬೇತುಗೊಳಿಸಲು ಸರ್ಕಾರ ಒಪ್ಪಿತು. ಬೂಕರ್ ಟಿ. ವಾಷಿಂಗ್‌ಟನ್ 1881ರಲ್ಲಿ ಆರಂಭಿಸಿದ ವಿದ್ಯಾಸಂಸ್ಥೆ ಇದ್ದದ್ದು ಅಲ್ಲಿಯೇ. ಕಡಲೆಕಾಯಿಯ ಮಹಿಮೆಯನ್ನು ಜಗತ್ತಿಗೆ ಸಾರಿದ ಜಾರ್ಜ್ ವಾಷಿಂಗ್‌ಟನ್ ಕಾರ್ವರ್ ದುಡಿದದ್ದೂ ಅಲ್ಲಿಯೇ. ಬಸವನಗುಡಿಯಲ್ಲಿ ಪರಿಷೆ ನೋಡುತ್ತ ಬೆಳೆದವನಿಗೆ ಕಾರ್ವರನ ಊರೆಂದರೆ ಬೇರೆ ಪರಿಚಯ ಬೇಕಿಲ್ಲ.

ಆ ವರ್ಷದ ಮಾರ್ಚಿಯಲ್ಲಿ ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಟಸ್ಕೀಗಿಗೆ ಬಂದರು. ಅಲ್ಲಿನ ಮುಖ್ಯ ಶಿಕ್ಷಕ ಚಾರ್ಲ್ಸ್ ಆಂಡರ್ಸನ್ ನಡೆಸುವ ಪುಟ್ಟ ವಿಮಾನದಲ್ಲಿ ಹತ್ತಿ ಕೂತರು. ಕಪ್ಪು ಮನುಷ್ಯ ವಿಮಾನ ಹಾರಿಸಬಲ್ಲನೆ ಎಂಬ ಚರ್ಚೆ ರಾಜಧಾನಿಯಲ್ಲಿ ನಡೆಯುತ್ತಿದ್ದಾಗ, ಆಕೆ ಮೇಲಕ್ಕೆ ಹೋಗಿ ಸುಖವಾಗಿ ಕೆಳಗಿಳಿದು ಬಂದರು. ಚರ್ಚೆಗಿಂತ ಇದೇ ಒಳ್ಳೆಯ ಉತ್ತರವೆಂದು ಯಾರಿಗೆ ತಾನೆ ತೋರುವುದಿಲ್ಲ? ಮೊದಲ ತಂಡದಲ್ಲಿ ಹದಿಮೂರು ಮಂದಿ ತರಬೇತಿಗೆ ಸೇರಿದರು. 1942ರ ಮಾರ್ಚಿಯಲ್ಲಿ ರೆಕ್ಕೆಯ ಪದಕ ಪಡೆದು ಹೊರಬಂದವರು ಐದೇ ಮಂದಿ. ಯುದ್ಧ ಮುಗಿಯುವ ಹೊತ್ತಿಗೆ ಆ ಶಾಲೆಯಿಂದ ಸುಮಾರು ಸಾವಿರ ಮಂದಿ ವೈಮಾನಿಕರು ಸಿದ್ಧರಾಗಿದ್ದರು.

ಆ ಐವರಲ್ಲಿ ಒಬ್ಬರು ಬೆಂಜಮಿನ್ ಡೇವಿಸ್. ಚಿತ್ರದಲ್ಲಿ ಇವರಿಗೆ ಬೇರೆ ಹೆಸರು ಕೊಟ್ಟು, ಬಾಯಿಗೆ ಒಂದಿಷ್ಟು ಭಾಷಣ ಕೊಟ್ಟಿದ್ದಾರೆ. ನಿಜವಾದ ಡೇವಿಸರ ಕಥೆ ಭಾಷಣಕ್ಕೆ ತೀರ ವಿರುದ್ಧವಾದದ್ದು. 1932ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಸೇರಿದಾಗ ಸಹಪಾಠಿಗಳು ಅವರೊಡನೆ ಮಾತು ಬಿಟ್ಟರು. ಒಂದು ದಿನವಲ್ಲ, ಒಂದು ವಾರವಲ್ಲ, ನಾಲ್ಕು ವರ್ಷ. ಕೊಠಡಿಯಲ್ಲಿ ಒಬ್ಬರೇ, ಊಟಕ್ಕೆ ಒಬ್ಬರೇ. ಕರ್ತವ್ಯದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಬಿಟ್ಟು ಓಡಲಿ ಎಂಬುದು ಅವರ ಆಸೆ. ಡೇವಿಸರು ಓಡಲಿಲ್ಲ, 276 ಮಂದಿಯಲ್ಲಿ 35ನೆಯವರಾಗಿ ತೇರ್ಗಡೆಯಾದರು. ನಮ್ಮಲ್ಲಿ ಊರಿನಿಂದ ಬಹಿಷ್ಕಾರ ಹಾಕಿಸಿಕೊಂಡ ಮನೆಗಳ ಕಥೆಯನ್ನು ಕೇಳಿ ಬೆಳೆದ ನನಗೆ, ಮಾತಿಲ್ಲದ ಆ ನಾಲ್ಕು ವರ್ಷಗಳನ್ನು ಊಹಿಸಿಕೊಳ್ಳುವುದು ಕಷ್ಟವಾಗಲಿಲ್ಲ.

ಡೇವಿಸರ ನಾಯಕತ್ವದಲ್ಲಿ 99ನೇ ದಳ 1943ರಲ್ಲಿ ಉತ್ತರ ಆಫ್ರಿಕಕ್ಕೆ ಹೋಯಿತು. ಜುಲೈ 2ರಂದು ಚಾರ್ಲ್ಸ್ ಹಾಲ್ ಎಂಬಾತ ಮೊದಲ ಶತ್ರು ವಿಮಾನವನ್ನು ಉರುಳಿಸಿದ; ಬಹುಮಾನ ತಣ್ಣನೆಯ ಒಂದು ಬಾಟಲಿ ಕೋಕಾ-ಕೋಲಾ. ಅಷ್ಟರಲ್ಲೇ ಮೇಲಧಿಕಾರಿಯೊಬ್ಬರು, ಈ ದಳದವರಲ್ಲಿ ಕೆಚ್ಚು ಸಾಲದು, ಇವರನ್ನು ಮುಂಚೂಣಿಯಿಂದ ತೆಗೆಯಬೇಕೆಂದು ಬರೆದರು. ಡೇವಿಸರು ವಾಷಿಂಗ್‌ಟನ್ನಿಗೆ ಹೋಗಿ, ತಮ್ಮವರೂ ಮನುಷ್ಯರೆಂದು ಸಮಿತಿಯ ಮುಂದೆ ಲೆಕ್ಕ ಒಪ್ಪಿಸಬೇಕಾಯಿತು. 1944ರ ಜನವರಿಯ ಕೊನೆಯಲ್ಲಿ ಆನ್ಜಿಯೋ ಕಡಲತೀರದ ಮೇಲೆ ಎರಡೇ ದಿನಗಳಲ್ಲಿ ಅದೇ ದಳದವರು ಡಜನ್ನಿನಷ್ಟು ವಿಮಾನಗಳನ್ನು ಕೆಡವಿದ ಮೇಲೆ ಕೆಚ್ಚಿನ ಮಾತು ಅಡಗಿತು. ಮುಂದೆ 332ನೇ ಗುಂಪಿನಲ್ಲಿ ಎಲ್ಲರೂ ಒಟ್ಟಾಗಿ, ವಿಮಾನಗಳ ಬಾಲಕ್ಕೆ ಕೆಂಪು ಬಣ್ಣ ಬಳಿದು, ಬಾಂಬರುಗಳ ಕಾವಲಿಗೆ ನಿಂತರು. 1945ರ ಮಾರ್ಚಿ 24ರಂದು ಬರ್ಲಿನ್ನಿನವರೆಗೂ ಹೋಗಿ ಜರ್ಮನರ ಮೂರು ಜೆಟ್ ವಿಮಾನಗಳನ್ನು ಉರುಳಿಸಿದರು. ಇದು ಸಿನಿಮಾದ ಬಣ್ಣವಲ್ಲ, ದಾಖಲೆ.

ಇನ್ನು ಚಿತ್ರ ಹೇಳದ್ದು. 1945ರ ಏಪ್ರಿಲಿನಲ್ಲಿ, ಇಂಡಿಯಾನಾ ಪ್ರಾಂತದ ಫ್ರೀಮನ್ ಫೀಲ್ಡ್ ಎಂಬಲ್ಲಿ, ಟಸ್ಕೀಗಿಯ ಕಡೆಯಿಂದ ಬಂದ ಅಧಿಕಾರಿಗಳು ಬಿಳಿಯರ ಕ್ಲಬ್ಬಿಗೆ ಕಾಲಿಟ್ಟದ್ದೇ ಅಪರಾಧವಾಯಿತು. ಇನ್ನು ಮೇಲೆ ಬರುವುದಿಲ್ಲವೆಂದು ಕಾಗದಕ್ಕೆ ರುಜು ಹಾಕಿರೆಂದರೆ 101 ಮಂದಿ ಹಾಕಲಿಲ್ಲ, ಅವರನ್ನೆಲ್ಲ ಬಂಧಿಸಿದರು. ಹೊರದೇಶದಲ್ಲಿ ಹಿಟ್ಲರನ ವಿರುದ್ಧ ಹೋರಾಡುವ ಸೈನ್ಯ ಸ್ವದೇಶದಲ್ಲಿ ಒಂದು ಕುರ್ಚಿಗಾಗಿ ತನ್ನವರನ್ನೇ ಬಂಧಿಸಿತ್ತು. ಟ್ರೂಮನ್ ಅಧ್ಯಕ್ಷರು ಸೈನ್ಯದಲ್ಲಿ ವರ್ಣಭೇದ ಕೂಡದೆಂದು ಆಜ್ಞೆ ಹೊರಡಿಸಿದ್ದು 1948ರ ಜುಲೈ 26ರಂದು. ಮರುವರ್ಷ ವಾಯುಪಡೆಯ ಗುರಿ ಹೊಡೆಯುವ ಸ್ಪರ್ಧೆಯಲ್ಲಿ 332ನೇ ಗುಂಪಿನವರು ತಮ್ಮ ವಿಭಾಗದಲ್ಲಿ ಗೆದ್ದರು. ಗೆದ್ದ ಬಟ್ಟಲು ಮಾತ್ರ ದಶಕಗಟ್ಟಲೆ ಕಣ್ಣಿಗೆ ಬೀಳಲಿಲ್ಲ. 2004ರಲ್ಲಿ ವಸ್ತುಸಂಗ್ರಹಾಲಯವೊಂದರ ಉಗ್ರಾಣದಲ್ಲಿ ಸಿಕ್ಕಿತು. ಸಂಸತ್ತಿನ ಚಿನ್ನದ ಪದಕ ಬಂದದ್ದು 2007ರಲ್ಲಿ. ಆ ಹೊತ್ತಿಗೆ ಎಷ್ಟೋ ಮಂದಿ ತೀರಿಕೊಂಡಿದ್ದರು. ಡೇವಿಸರೂ 2002ರಲ್ಲೇ ಹೋಗಿದ್ದರು.

ಈ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಲೆಕ್ಕ. ಈ ಕೆಂಪು ಬಾಲದವರು ತಮ್ಮ ಕಾವಲಿನಲ್ಲಿದ್ದ ಒಂದು ಬಾಂಬರನ್ನೂ ಶತ್ರು ವಿಮಾನಗಳಿಗೆ ಬಲಿಗೊಡಲಿಲ್ಲ ಎಂಬ ಮಾತು 1945ರಿಂದಲೂ ಪ್ರಚಾರದಲ್ಲಿತ್ತು. ಭಾಷಣಗಳಲ್ಲಿ, ಪುಸ್ತಕಗಳಲ್ಲಿ, ಶಾಲೆಗಳಲ್ಲಿ ಅದೇ ಮಾತು. ವಾಯುಪಡೆಯ ಚರಿತ್ರಕಾರ ಡೇನಿಯಲ್ ಹಾಲ್‌ಮನ್ ಹಳೆಯ ಕಡತಗಳನ್ನೆಲ್ಲ ತಿರುವಿ ನೋಡಿ, ಆ ಮಾತು ಸರಿಯಲ್ಲ, ಕಳೆದುಹೋದ ಬಾಂಬರುಗಳು 27 ಎಂದು ತೋರಿಸಿದರು. ಹಳೆಯ ವೈಮಾನಿಕರಲ್ಲಿ ಕೆಲವರು ಇದನ್ನು ಒಪ್ಪಲಿಲ್ಲ. ಆದರೆ ಅದೇ ಚರಿತ್ರಕಾರರು ಇನ್ನೊಂದು ಲೆಕ್ಕವನ್ನೂ ಕೊಟ್ಟಿದ್ದಾರೆ: ಅದೇ ವಾಯುಸೇನೆಯ ಉಳಿದ ಕಾವಲು ಗುಂಪುಗಳು ಕಳೆದುಕೊಂಡದ್ದು ಸರಾಸರಿ 46.

ಇಪ್ಪತ್ತೇಳು ಎಂಬುದು ಬಹಳ ಒಳ್ಳೆಯ ಲೆಕ್ಕ. ಬೇರೆ ಯಾರದಾಗಿದ್ದರೂ ಅಷ್ಟೇ ಸಾಕಾಗುತ್ತಿತ್ತು. ಇವರಿಗೆ ಮಾತ್ರ ಸೊನ್ನೆಯೇ ಏಕೆ ಬೇಕಾಯಿತು? ಯೋಚಿಸಿದಾಗ ಹೀಗೆ ತೋರಿತು: ಮನುಷ್ಯನೆನಿಸಿಕೊಳ್ಳಲು ಸಾಕ್ಷಿ ಕೇಳಿಸಿಕೊಂಡವನು, ಸಾಧಾರಣ ಸಾಕ್ಷಿಯನ್ನು ತಂದರೆ ನಡೆಯುವುದಿಲ್ಲ. ಬಿಳಿಯ ವೈಮಾನಿಕ ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪು. ಕಪ್ಪು ವೈಮಾನಿಕ ತಪ್ಪು ಮಾಡಿದರೆ ಅದು 1925ರ ವರದಿಗೆ ಆಧಾರ. ಈ ನ್ಯಾಯ ಚಿತ್ರಕ್ಕೂ ತಗುಲಿದೆ. ಮುಖ್ಯ ಪಾತ್ರಗಳೆಲ್ಲ ಕಪ್ಪು ಜನರದೆಂಬ ಕಾರಣಕ್ಕೆ ದೊಡ್ಡ ಕಂಪನಿಗಳು ದುಡ್ಡು ಹಾಕಲು ಹಿಂಜರಿದವೆಂದು ಲ್ಯೂಕಸ್ ಬಹಿರಂಗವಾಗಿ ಹೇಳಿದ. ಇಪ್ಪತ್ತು ವರ್ಷಕ್ಕೂ ಮೇಲೆ ಕಾದು, ಕೊನೆಗೆ ತನ್ನ ಕೈಯಿಂದಲೇ ಸುಮಾರು 58 ದಶಲಕ್ಷ ಡಾಲರ್ ಹಾಕಿದ. ಬಿಳಿಯ ವೀರರನ್ನು ಕುರಿತ ಸಾಧಾರಣ ಯುದ್ಧಚಿತ್ರಗಳನ್ನು ಪ್ಲಾಜಾದಲ್ಲಿ ನಾನೇ ಎಷ್ಟು ನೋಡಿಲ್ಲ! ಅವುಗಳಲ್ಲೊಂದು ಕೆಟ್ಟರೆ ಮುಂದಿನ ವಾರ ಇನ್ನೊಂದು ಬರುತ್ತಿತ್ತು. ಇವರ ಪಾಲಿಗೆ ಅಪರೂಪಕ್ಕೆ ಬಂದದ್ದು ಇದೊಂದು. ಇದೂ ನಿರ್ದೋಷವಾಗಿರಲೇಬೇಕೆಂದು ಹಟ ಹಿಡಿಯಲು ನಾನು ಯಾರು?

ಹೀಗೆಂದುಕೊಳ್ಳುತ್ತಿರುವಾಗಲೇ ನನಗೆ ನಮ್ಮ ಸೋದರಮಾವನ ನೆನಪಾಯಿತು.

ನಮ್ಮ ಮಾವ ಕೋಲಾರದ ಕಡೆಯವರು. ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ಇರುವ ಮದ್ರಾಸ್ ಸ್ಯಾಪರ್ಸ್ ಪಟಾಲಮ್ಮಿಗೆ ಸೇರಿ, ಯುದ್ಧಕಾಲದಲ್ಲಿ ಇಟಲಿಗೆ ಹೋಗಿ ಬಂದವರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಹೂತಿಟ್ಟ ಸಿಡಿಮದ್ದು ತೆಗೆಯುವುದು ಆ ಪಟಾಲಮ್ಮಿನ ಕೆಲಸ. 1944ರ ಫೆಬ್ರವರಿಯಲ್ಲಿ ಅದೇ ಪಟಾಲಮ್ಮಿನ ಸುಬೇದಾರ್ ಸುಬ್ರಮಣಿಯನ್ ಎಂಬುವರು ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿ ಪ್ರಾಣ ಬಿಟ್ಟರು. ಜಾರ್ಜ್ ಕ್ರಾಸ್ ಪದಕ ಪಡೆದ ಮೊದಲ ಭಾರತೀಯ ಅವರು. ಇಟಲಿಯ ಮಣ್ಣಿನಲ್ಲಿ ನಮ್ಮ ದೇಶದ ಐದು ಸಾವಿರಕ್ಕೂ ಹೆಚ್ಚು ಸಿಪಾಯಿಗಳು ಸತ್ತರು. ಇದೆಲ್ಲ ನನಗೆ ತಿಳಿದದ್ದು ಈಚೆಗೆ. ಆಗ ನನಗೆ ಗೊತ್ತಿದ್ದದ್ದು, ಮಾವ ಭಾನುವಾರ ನಮ್ಮ ಮನೆಗೆ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಇಟಲಿಯ ಕಥೆ ಹೇಳುತ್ತಾರೆ ಎಂಬುದಷ್ಟೆ.

ಮಾವನ ಕಥೆಗಳಿಗೆ ಬೆಳೆಯುವ ಗುಣವಿತ್ತು. ಒಂದು ನದಿಗೆ ಒಂದು ರಾತ್ರಿಯಲ್ಲಿ ಸೇತುವೆ ಕಟ್ಟಿದೆವೆಂದು ಯುಗಾದಿಯಲ್ಲಿ ಹೇಳಿದ್ದರೆ, ದೀಪಾವಳಿಯ ಹೊತ್ತಿಗೆ ಅದು ಅರ್ಧ ರಾತ್ರಿಯಾಗುತ್ತಿತ್ತು. ಕೈ ಕುಲುಕಿದ ಜನರಲ್ಲಿನ ಹೆಸರು ಪ್ರತಿ ಸಲವೂ ಬದಲಾಗುತ್ತಿತ್ತು. ಆದರೆ ಒಂದು ಕಥೆ ಮಾತ್ರ ಬದಲಾಗುತ್ತಿರಲಿಲ್ಲ. “ಸಾಮಾನು ತರೋಕೆ ನೇಪಲ್ಸಿಗೆ ಹೋಗಿದ್ದೆವು ಕಣೋ. ರಾತ್ರಿ ಬೆಟ್ಟವೇ ಬೆಂಕಿ ಕಾರಿತು. ಬೂದಿ ಮಳೆ! ಲಾರಿ ಮೇಲಿನ ಟಾರ್ಪಾಲಿನ ಮೇಲೆ ಗೇಣುದ್ದ ಬೂದಿ. ಆವತ್ತು ಯುದ್ಧ ಮರೆತುಹೋಯಿತು ನಮಗೆ.”

ನಾನು ಆಗ ಪಿ.ಯು.ಸಿ. ಹೊಸದಾಗಿ ಚರಿತ್ರೆ ಓದಿದ್ದೆ. ಮನೆ ತುಂಬ ಜನವಿದ್ದಾಗ ಹೇಳಿದೆ: “ಮಾವ, ಆ ಬೆಟ್ಟ ಬೆಂಕಿ ಕಾರಿದ್ದು ಕ್ರಿ.ಶ. 79ರಲ್ಲಿ. ಪಾಂಪೇ ಪಟ್ಟಣ ಹೂತುಹೋದಾಗ. ನೀವು ಆಗಲೇ ಪಟಾಲಮ್ಮಿಗೆ ಸೇರಿಬಿಟ್ಟಿದ್ದಿರಾ?” ಎಲ್ಲರೂ ನಕ್ಕರು. ಮಾವನೂ ನಕ್ಕರು. “ಇರಬಹುದಪ್ಪ, ಓದಿದವರು ನೀವು” ಎಂದು ಕಾಫಿಯ ಲೋಟ ಕೈಗೆ ತೆಗೆದುಕೊಂಡರು. ಆಮೇಲೂ ಭಾನುವಾರಗಳಂದು ಬರುತ್ತಿದ್ದರು. ಪೆನ್ಷನ್ನಿನ ಮಾತು, ಮಳೆಯ ಮಾತು ಆಡುತ್ತಿದ್ದರು. ಇಟಲಿಯ ಹೆಸರನ್ನು ಮತ್ತೆ ಎತ್ತಲಿಲ್ಲ. 1988ರಲ್ಲಿ ತೀರಿಕೊಂಡರು.

ಈಗ, ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ, ಈ ಸಿನಿಮಾದ ದೆಸೆಯಿಂದ 99ನೇ ದಳದ ಜಾಡು ಹಿಡಿದು ಓದುತ್ತಿದ್ದೆ. 1944ರ ಮಾರ್ಚಿಯಲ್ಲಿ ಆ ದಳ ನೇಪಲ್ಸಿನ ಪಕ್ಕದ ಕಪೋಡಿಕಿನೊ ನಿಲ್ದಾಣದಲ್ಲಿತ್ತು. ಹಾಳೆ ತಿರುವಿದೆ. ಆ ತಿಂಗಳ 18ರಂದು ವೆಸೂವಿಯಸ್ ಸಿಡಿಯಿತು. ಹತ್ತು ದಿನ ಬೆಂಕಿ, ಬೂದಿ. ಪಾಂಪೇ ಬಳಿಯ ಇನ್ನೊಂದು ನಿಲ್ದಾಣದಲ್ಲಿ ಸಾಲಾಗಿ ನಿಂತಿದ್ದ ಸುಮಾರು 80 ಅಮೆರಿಕನ್ ಬಾಂಬರುಗಳು ಬಿಸಿ ಬೂದಿಯ ಕೆಳಗೆ ಹಾಳಾದವು.

ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ಸೇತುವೆಯ ಕಥೆಯಲ್ಲಿ ನಾನು ತಪ್ಪು ಹಿಡಿದಿದ್ದರೆ ಮಾತು ಬೇರೆ. ಅವರ ಬಾಯಿಂದ ಬಂದ ನೂರು ಮಾತುಗಳಲ್ಲಿ ತೀರ ನಿಜವಾದದ್ದನ್ನೇ ಹುಡುಕಿ ಸುಳ್ಳು ಮಾಡಿದ್ದೆ. ಉಳಿದದ್ದರಲ್ಲಿ ಸುಳ್ಳಿತ್ತೆಂಬ ಧೈರ್ಯದಿಂದಲೇ ಹಾಗೆ ಮಾಡಿದ್ದೆ. ಆ ರಾತ್ರಿ ಟಾರ್ಪಾಲಿನ ಕೆಳಗೆ ಕೂತು ಮಾವ ನೋಡಿದ ಬೆಂಕಿಯನ್ನೇ ಕೆಲವು ಮೈಲಿಗಳ ಆಚೆ ಅಲಬಾಮಾದಿಂದ ಬಂದ ಹುಡುಗರೂ ನೋಡಿರಬೇಕು. ಎರಡು ಕಡೆಯವರೂ ತಮ್ಮದಲ್ಲದ ನೆಲದಲ್ಲಿ, ತಮ್ಮನ್ನು ಸರಿಸಮಾನರೆಂದು ಬಗೆಯದ ಧಣಿಗಳಿಗಾಗಿ ದುಡಿಯುತ್ತಿದ್ದವರು. ಅವರ ಕಥೆ ಹೇಳಲು, ಕುಂದುಕೊರತೆಗಳಿದ್ದರೂ, ಒಂದು ಸಿನಿಮಾ ಬಂತು. ಮಾವನ ಕಥೆ ಹೇಳಲು ಮಾವನೊಬ್ಬರೇ ಇದ್ದರು. ಅವರ ಬಾಯನ್ನು ನಾನು ಮುಚ್ಚಿಸಿದೆ.

ರಜ ಮುಗಿಯುವ ಹಿಂದಿನ ದಿನ ಮೊಮ್ಮಗನನ್ನು ಕೂರಿಸಿಕೊಂಡು ಆ ಚಿತ್ರವನ್ನು ಮೂರನೆಯ ಸಲ ನೋಡಿದೆ. ಚುಂಗಾಣಿಯ ಮೇಜರ್ ಹಾಗೆಯೇ ಹೊಗೆ ಬಿಟ್ಟರು. ಗಾಯದ ಜರ್ಮನ್ ಹಾಗೆಯೇ ಹಲ್ಲು ಕಡಿದ. ನಡುವೆ ನಿಲ್ಲಿಸಿ ಅವನಿಗೆ ಮಾವನ ಕಥೆ ಹೇಳಿದೆ: ಸೇತುವೆ, ಜನರಲ್, ಬೆಂಕಿಯ ಬೆಟ್ಟ, ಗೇಣುದ್ದ ಬೂದಿ, ಒಂದನ್ನೂ ಬಿಡಲಿಲ್ಲ. ಹುಡುಗ ಕಣ್ಣರಳಿಸಿ ಕೇಳಿದ. ಆಮೇಲೆ ಹುಬ್ಬು ಗಂಟಿಕ್ಕಿ, “ಅರ್ಧ ರಾತ್ರೀಲಿ ಸೇತುವೆ ಕಟ್ಟೋಕೆ ಆಗುತ್ತಾ ತಾತ? ಸುಳ್ಳು” ಎಂದ. ನನ್ನ ರಕ್ತವೇ ಅಲ್ಲವೆ.

“ಇರಬಹುದಪ್ಪ,” ಎಂದೆ. “ಬೂದಿ ಮಾತ್ರ ನಿಜ.”